ಹಿಂದಿನ ಅಚ್ಚಿಗೆ ಯಾವ ಎಣ್ಣೆ?



ನಾವು ಒಂದು ಮಹಿಳಾ ಸಂಘದವರು. ತರಕಾರಿ ಬೆಳೆಯುತ್ತೇವೆ. ಮೊದಲು ತರಕಾರಿಯನ್ನು ಬೇರೆಯವರ ಗಾಡಿಯಲ್ಲಿ ಕಳಿಸುತ್ತಿದ್ದೆವು. ಬಾಡಿಗೆ ಕೊಟ್ಟು ಕೊಟ್ಟು ಸಾಕಾಯಿತು. ಸಂಘದ ಉಳಿತಾಯ ಸೇರಿಸಿದೆವು. ಬ್ಯಾಂಕಿನಲ್ಲಿ ಸಾಲ ಪಡೆದೆವು. ಒಂದು ಹಳೇ ಗೂಡ್ಸ್ ಗಾಡಿ ಕೊಂಡೆವು. ಗಾಡಿ ಮನೆಗೆ ಬಂದ ದಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು ಪೂಜೆ ಮಾಡಿದೆವು.

ಪೂಜೆ ಮಾಡಿದ್ದು ಸರಿ. ಆದರೆ ಗಾಡಿಗೆ ಪೂಜೆ ಒಂದೇ ಸಾಲದು. ಸರಿಯಾದ ಎಣ್ಣೆಯೂ ಬೇಕು. ಇದು ನಮಗೆ ಆಗ ಗೊತ್ತಿರಲಿಲ್ಲ. ನಷ್ಟ ಆದ ಮೇಲೆ ಗೊತ್ತಾಯಿತು. ನಿಮಗೆ ಅಂಥ ನಷ್ಟ ಆಗಬಾರದು. ಅದಕ್ಕೇ ಈ ಪಾಠ.

ನಮಗೆ ಆದ ನಷ್ಟ

ಒಂದು ದಿನ ಗಾಡಿ ನಿಂತಿದ್ದ ಜಾಗದಲ್ಲಿ ಎಣ್ಣೆ ಕಲೆ ಕಂಡಿತು. ಹಿಂದಿನ ಚಕ್ರಗಳ ನಡುವೆ, ಅಚ್ಚಿನ ಕೆಳಗೆ, ಹನಿ ಹನಿ ಬಿದ್ದಿತ್ತು. ಗಾಡಿ ಓಡುವಾಗ ಹಿಂದಿನಿಂದ "ಉಂಯ್" ಅಂತ ಸದ್ದು ಬರುತ್ತಿತ್ತು.

"ಎಣ್ಣೆ ಕಡಿಮೆ ಆಗಿದೆ, ಹಾಕಿಬಿಡೋಣ" ಅಂದೆವು. ಮನೆಯಲ್ಲಿ ಇಂಜಿನ್ ಆಯಿಲ್ ಮಿಕ್ಕಿತ್ತು. ಅದೂ ಎಣ್ಣೆ, ಇದೂ ಎಣ್ಣೆ ಅಂದುಕೊಂಡೆವು. ಅದನ್ನೇ ಸುರಿದೆವು. ದುಡ್ಡು ಉಳಿಯಿತು ಅಂತ ಖುಷಿಯೂ ಆಯಿತು.

ಸ್ವಲ್ಪ ದಿನ ಗಾಡಿ ಓಡಿತು. ಒಂದು ಬೆಳಗಿನ ಜಾವ ಟೊಮೆಟೊ ತುಂಬಿಕೊಂಡು ದಿಬ್ಬ ಹತ್ತುತ್ತಿತ್ತು. "ಕಟ ಕಟ" ಅಂತ ಸದ್ದಾಯಿತು. ಗಾಡಿ ನಿಂತಿತು. ಇಂಜಿನ್ ತಿರುಗುತ್ತಿತ್ತು, ಚಕ್ರ ತಿರುಗಲಿಲ್ಲ. ಬೇರೆ ಗಾಡಿ ಬರುವ ಹೊತ್ತಿಗೆ ಬಿಸಿಲು ಏರಿತ್ತು. ಅರ್ಧ ಟೊಮೆಟೊ ಮೆತ್ತಗಾಗಿತ್ತು.

ಮೆಕ್ಯಾನಿಕ್ ಹಿಂದಿನ ಅಚ್ಚು ಬಿಚ್ಚಿದ. ಒಳಗಿನ ಹಲ್ಲುಚಕ್ರಗಳನ್ನು ತೋರಿಸಿದ. ಹಲ್ಲುಗಳು ಸವೆದಿದ್ದವು. ಎರಡು ಹಲ್ಲು ಮುರಿದೇ ಹೋಗಿದ್ದವು. "ಇದಕ್ಕೆ ಇಂಜಿನ್ ಆಯಿಲ್ ಹಾಕ್ತಾರಾ ಅಕ್ಕಾ? ಗಾಡಿಯ ಪುಸ್ತಕ ನೋಡಲಿಲ್ವಾ?" ಅಂದ.

ಪುಸ್ತಕ ಗಾಡಿಯಲ್ಲೇ ಇತ್ತು. ಸೀಟಿನ ಕೆಳಗೆ, ಪ್ಲಾಸ್ಟಿಕ್ ಚೀಲದಲ್ಲಿ, ಭದ್ರವಾಗಿ ಇತ್ತು. ನಾವು ಅಕ್ಷರ ಕಲಿತಿದ್ದೆವು. ಬಸ್ಸಿನ ಬೋರ್ಡು ಓದುತ್ತಿದ್ದೆವು. ಬ್ಯಾಂಕಿನ ಪಾಸ್ ಬುಕ್ಕು ಓದುತ್ತಿದ್ದೆವು. ಆದರೆ ಆ ಪುಸ್ತಕ ತೆರೆದಿರಲಿಲ್ಲ. ರಿಪೇರಿಗೆ ಮೂರು ತಿಂಗಳ ಸಾಲದ ಕಂತಿನಷ್ಟು ಹಣ ಹೋಯಿತು. ತಪ್ಪು ಬೇರೆ ಯಾರದೂ ಅಲ್ಲ, ನಮ್ಮದೇ.

ಡಿಫರೆನ್ಷಿಯಲ್ ಅಂದರೆ ಏನು?

ಗೂಡ್ಸ್ ಗಾಡಿ, ಜೀಪು, ಲಾರಿ ಇವುಗಳ ಹಿಂದಿನಿಂದ ಬಗ್ಗಿ ನೋಡಿ. ಎರಡು ಚಕ್ರಗಳ ನಡುವೆ ಅಚ್ಚು ಇದೆ. ಅಚ್ಚಿನ ಮಧ್ಯೆ ದೊಡ್ಡ ಬೋಗುಣಿಯಂಥ ಉಬ್ಬು ಕಾಣುತ್ತೆ. ಅದರ ಒಳಗೆ ಇರುವುದೇ ಡಿಫರೆನ್ಷಿಯಲ್. ಬಾಯಿ ಮಾತಿನಲ್ಲಿ ಡಿಫ್ರೆನ್ಸ್ ಅಂತಾರೆ.

ಅದು ಏಕೆ ಬೇಕು? ಮಕ್ಕಳ ಆಟ ನೆನೆಸಿಕೊಳ್ಳಿ. ನಾಲ್ಕು ಮಕ್ಕಳು ಕೈ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಸಾಲಿಗೆ ಸಾಲೇ ಸುತ್ತು ತಿರುಗುತ್ತೆ. ಒಳಗಿನ ಮಗು ನಿಂತ ಕಡೆಯೇ ನಿಧಾನ ತಿರುಗುತ್ತೆ. ಹೊರಗಿನ ಮಗು ಓಡಬೇಕು. ಗಾಡಿ ತಿರುವಿನಲ್ಲಿ ತಿರುಗುವಾಗಲೂ ಹಾಗೇ. ಒಳಗಿನ ಚಕ್ರ ಕಡಿಮೆ ದೂರ ಹೋಗುತ್ತೆ. ಹೊರಗಿನ ಚಕ್ರ ಹೆಚ್ಚು ದೂರ ಹೋಗುತ್ತೆ. ಎರಡು ಚಕ್ರದ ನಡುವೆ ನಾಲ್ಕೂವರೆ ಅಡಿ ಇದೆ ಅನ್ನಿ. ಗಾಡಿ ಒಂದು ಪೂರ್ತಿ ಸುತ್ತು ಹಾಕಿದರೆ ಹೊರಗಿನ ಚಕ್ರ ಸುಮಾರು 28 ಅಡಿ ಹೆಚ್ಚು ಓಡಬೇಕು.

ಎತ್ತಿನ ಗಾಡಿಗೆ ಈ ತೊಂದರೆ ಇಲ್ಲ. ಅದರ ಒಂದೊಂದು ಚಕ್ರವೂ ಅಚ್ಚಿನ ಮೇಲೆ ತನ್ನ ಪಾಡಿಗೆ ತಾನು ತಿರುಗುತ್ತೆ. ಎಳೆಯುವುದು ಎತ್ತು. ಆದರೆ ಮೋಟಾರು ಗಾಡಿಯಲ್ಲಿ ಚಕ್ರವನ್ನೇ ಇಂಜಿನ್ ತಿರುಗಿಸಬೇಕು. ಎರಡಕ್ಕೂ ಬಲ ಕೊಡಬೇಕು. ಎರಡನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡಬೇಕು. ಈ ಎರಡು ಕೆಲಸವನ್ನೂ ಮಾಡುವುದು ಡಿಫರೆನ್ಷಿಯಲ್.

ಅದರೊಳಗೆ ಒಂದು ಚಿಕ್ಕ ಹಲ್ಲುಚಕ್ರ ಇದೆ. ಅದರ ಹೆಸರು ಪಿನಿಯನ್. ಒಂದು ದೊಡ್ಡ ಹಲ್ಲುಚಕ್ರ ಇದೆ. ಅದರ ಹೆಸರು ಕ್ರೌನ್. ಇಂಜಿನ್ನಿನ ಬಲ ಪಿನಿಯನ್‌ಗೆ ಬರುತ್ತೆ. ಪಿನಿಯನ್ ಕ್ರೌನನ್ನು ತಿರುಗಿಸುತ್ತೆ. ಕ್ರೌನ್ ಒಳಗಿನ ಸಣ್ಣ ಹಲ್ಲುಚಕ್ರಗಳು ಆ ಬಲವನ್ನು ಎರಡೂ ಚಕ್ರಕ್ಕೆ ಹಂಚುತ್ತವೆ. ಕ್ರೌನ್, ಪಿನಿಯನ್ ಎರಡೂ ಜೋಡಿ. ಒಂದು ಹಾಳಾದರೆ ಎರಡನ್ನೂ ಬದಲಾಯಿಸಬೇಕು. ಅದಕ್ಕೇ ಖರ್ಚು ಜಾಸ್ತಿ.

ಅದಕ್ಕೆ ಬೇರೆ ಎಣ್ಣೆ ಏಕೆ?

ನಮ್ಮ ಹಿರಿಯರು ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರು. ಎಣ್ಣೆ ಇಲ್ಲದಿದ್ದರೆ ಗಾಡಿ ಕಿರುಗುಟ್ಟುತ್ತೆ, ಅಚ್ಚು ಸವೆಯುತ್ತೆ ಅಂತ ಅವರಿಗೆ ಗೊತ್ತಿತ್ತು. ಡಿಫರೆನ್ಷಿಯಲ್‌ಗೂ ಕೀಲೆಣ್ಣೆ ಬೇಕು. ಆದರೆ ಅಲ್ಲಿಯ ಕೆಲಸ ಬಹಳ ಕಠಿಣ. ಒಂದೊಂದು ಹಲ್ಲಿನ ಮೇಲೂ ಗಾಡಿಯ ಭಾರ, ಸರಕಿನ ಭಾರ ಬೀಳುತ್ತೆ. ಹಲ್ಲುಗಳು ಬರೀ ಉರುಳುವುದಿಲ್ಲ. ಒಂದರ ಮೇಲೊಂದು ಒತ್ತಿಕೊಂಡು ಜಾರುತ್ತವೆ. ಬೀಸುವ ಕಲ್ಲಿಗೆ ಕಾಳು ಹಾಕದೆ ತಿರುಗಿಸಿದರೆ ಏನಾಗುತ್ತೆ? ಕಲ್ಲಿಗೆ ಕಲ್ಲು ಉಜ್ಜುತ್ತೆ. ಇಲ್ಲಿಯೂ ಹಾಗೇ. ಅಷ್ಟು ಒತ್ತಡ ಬಿದ್ದಾಗ ಮಾಮೂಲಿ ಎಣ್ಣೆ ಪಕ್ಕಕ್ಕೆ ಸರಿದುಬಿಡುತ್ತೆ. ಕಬ್ಬಿಣಕ್ಕೆ ಕಬ್ಬಿಣ ತಾಗುತ್ತೆ.

ಆದ್ದರಿಂದ ಗೇರ್ ಆಯಿಲ್‌ಗೆ ಒಂದು ಬಗೆಯ ಔಷಧಿ ಬೆರೆಸುತ್ತಾರೆ. ಅದರಲ್ಲಿ ಗಂಧಕ, ರಂಜಕ ಸೇರಿರುತ್ತವೆ. ಗೇರ್ ಆಯಿಲ್‌ಗೆ ಘಾಟು ವಾಸನೆ ಬರುವುದು ಗಂಧಕದಿಂದ. ಹಲ್ಲುಗಳು ಒತ್ತಿಕೊಂಡು ಬಿಸಿಯಾದಾಗ ಈ ಔಷಧಿ ಕೆಲಸ ಮಾಡುತ್ತೆ. ಕಬ್ಬಿಣದ ಮೈಮೇಲೆ ತೆಳ್ಳಗೆ ಒಂದು ಪದರ ಕಟ್ಟುತ್ತೆ. ದೋಸೆ ಕಾವಲಿಯನ್ನು ಎಣ್ಣೆ ಸವರಿ ಪಳಗಿಸುತ್ತೇವಲ್ಲ, ಹಾಗೆ. ಪಳಗಿದ ಕಾವಲಿಗೆ ದೋಸೆ ಅಂಟುವುದಿಲ್ಲ. ಪದರ ಇರುವ ಹಲ್ಲು ಇನ್ನೊಂದು ಹಲ್ಲಿಗೆ ಅಂಟುವುದಿಲ್ಲ, ಕೆರೆಯುವುದಿಲ್ಲ.

ಇಂಜಿನ್ ಆಯಿಲ್‌ನಲ್ಲಿ ಇಷ್ಟು ಒತ್ತಡ ತಾಳುವ ಔಷಧಿ ಇಲ್ಲ. ಅದರ ಕೆಲಸವೇ ಬೇರೆ. ಹೊಂಗೆ ಎಣ್ಣೆ ದೀಪಕ್ಕೆ ಆಗುತ್ತೆ. ಅದರಲ್ಲಿ ಒಗ್ಗರಣೆ ಹಾಕುತ್ತೇವಾ? ಇದೂ ಹಾಗೇ.

ಡಬ್ಬದ ಮೇಲೆ ಎರಡು ಗುರುತು

ಗೇರ್ ಆಯಿಲ್ ಎಲ್ಲಾ ಒಂದೇ ಅಲ್ಲ. ಡಬ್ಬದ ಮೇಲೆ ಎರಡು ಗುರುತು ಇರುತ್ತೆ. ಎರಡನ್ನೂ ನೋಡಬೇಕು. ಒಂದು ಗುರುತು ಎಣ್ಣೆ ಎಷ್ಟು ಗಟ್ಟಿ ಅಂತ ಹೇಳುತ್ತೆ. ಇನ್ನೊಂದು ಎಣ್ಣೆ ಎಷ್ಟು ಒತ್ತಡ ತಾಳುತ್ತೆ ಅಂತ ಹೇಳುತ್ತೆ.

ಮೊದಲ ಗುರುತು ಹೀಗಿರುತ್ತೆ: 80ಡಬ್ಲ್ಯು-90. ಇನ್ನೊಂದು ಡಬ್ಬದಲ್ಲಿ 85ಡಬ್ಲ್ಯು-140 ಅಂತ ಇರಬಹುದು. ಈ ಲೆಕ್ಕ ಮಾಡಿದ್ದು ಅಮೆರಿಕದ ವಾಹನ ಎಂಜಿನಿಯರುಗಳ ಸಂಘ. ಆ ಸಂಘ 1905ರಲ್ಲಿ ಶುರುವಾಯಿತು. ಡಬ್ಲ್ಯು ಅಂದರೆ ಚಳಿಗಾಲ. ಅದರ ಜೊತೆ ಇರುವ ಮೊದಲ ಅಂಕಿ, ಚಳಿಯಲ್ಲಿ ಎಣ್ಣೆ ಹೇಗೆ ಹರಿಯುತ್ತೆ ಅಂತ ಹೇಳುತ್ತೆ. ಅದು ಹಿಮ ಬೀಳುವ ಕಡೆಯ ಚಳಿ. ಎರಡನೇ ಅಂಕಿ, ಎಣ್ಣೆ ಬಿಸಿಯಾದಾಗ ಎಷ್ಟು ಗಟ್ಟಿ ಅಂತ ಹೇಳುತ್ತೆ. ನೀರು ಕುದಿಯುವಷ್ಟು, ಅಂದರೆ 100 ಡಿಗ್ರಿ ಬಿಸಿಯಲ್ಲಿ ಅದನ್ನು ಅಳೆಯುತ್ತಾರೆ. 90ಕ್ಕಿಂತ 140 ಗಟ್ಟಿ.

ಗಟ್ಟಿ ಇದ್ದಷ್ಟೂ ಒಳ್ಳೆಯದಾ? ಅಲ್ಲ. ಎಣ್ಣೆ ತೀರಾ ತೆಳುವಾದರೆ ಹಲ್ಲಿನ ಮೇಲೆ ನಿಲ್ಲುವುದಿಲ್ಲ. ತೀರಾ ಗಟ್ಟಿಯಾದರೆ ಸಂದಿಗೊಂದಿಗೆ ಬೇಗ ತಲುಪುವುದಿಲ್ಲ. ಅದನ್ನು ಕಲಕಿಕೊಂಡು ತಿರುಗಲು ಚಕ್ರಕ್ಕೆ ಹೆಚ್ಚು ಬಲ ಬೇಕು. ಡೀಸೆಲ್ ಹೆಚ್ಚು ಸುಡುತ್ತೆ. ತಿಳಿ ಸಾರಿಗೂ ಗಟ್ಟಿ ಮುದ್ದೆಗೂ ಒಂದೇ ಬಲದಲ್ಲಿ ಕೈ ಆಡಿಸಲು ಆಗುತ್ತಾ? ಭಾರದ ಲಾರಿಗೆ 140 ಬೇಕಾಗಬಹುದು. ಚಿಕ್ಕ ಗಾಡಿಗೆ 90 ಸಾಕಾಗಬಹುದು. ಗಾಡಿ ಮಾಡಿದವರು ಅದನ್ನು ಲೆಕ್ಕ ಹಾಕಿ ಪುಸ್ತಕದಲ್ಲಿ ಬರೆದಿರುತ್ತಾರೆ.

ಇನ್ನೊಂದು ಮಾತು. ಇಂಜಿನ್ ಆಯಿಲ್ ಅಂಕಿಯೂ ಗೇರ್ ಆಯಿಲ್ ಅಂಕಿಯೂ ಒಂದೇ ಅಳತೆಯಲ್ಲ. 90ರ ಗೇರ್ ಆಯಿಲ್ ಹೆಚ್ಚು ಕಡಿಮೆ 40 ಅಥವಾ 50ರ ಇಂಜಿನ್ ಆಯಿಲ್‌ನಷ್ಟೇ ಗಟ್ಟಿ. ಬೆರಳಿಗೆ ಎರಡೂ ಒಂದೇ ಥರ ಅನ್ನಿಸುತ್ತೆ. ನಾವು ಮೋಸ ಹೋದದ್ದು ಇಲ್ಲೇ. ಬೆರಳಿಗೆ ಔಷಧಿ ಗೊತ್ತಾಗುವುದಿಲ್ಲ. ಅದನ್ನು ತಿಳಿಯಲು ಎರಡನೇ ಗುರುತು ಓದಬೇಕು.

ಜಿ.ಎಲ್. ಅಂದರೆ ಏನು?

ಎರಡನೇ ಗುರುತು ಜಿ.ಎಲ್. ಅದರ ಮುಂದೆ ಒಂದು ಅಂಕಿ ಇರುತ್ತೆ. ಜಿ.ಎಲ್. 4, ಜಿ.ಎಲ್. 5 ಹೀಗೆ. ಇದು ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಗುರುತು. ಆ ಸಂಸ್ಥೆ 1919ರಲ್ಲಿ ಶುರುವಾಯಿತು. ಒತ್ತಡ ತಾಳುವ ಔಷಧಿ ಜಿ.ಎಲ್. 4ಕ್ಕಿಂತ ಜಿ.ಎಲ್. 5ರಲ್ಲಿ ಹೆಚ್ಚು. ಲಾರಿ, ಜೀಪು, ಗೂಡ್ಸ್ ಗಾಡಿಗಳ ಹಿಂದಿನ ಅಚ್ಚಿಗೆ ಸಾಮಾನ್ಯವಾಗಿ ಜಿ.ಎಲ್. 5 ಕೇಳುತ್ತಾರೆ. ಅಲ್ಲಿ ಜಿ.ಎಲ್. 4 ಹಾಕಿದರೆ ರಕ್ಷಣೆ ಸಾಲದು.

ಹಾಗಾದರೆ ಎಲ್ಲಾ ಕಡೆ ಜಿ.ಎಲ್. 5 ಹಾಕಿಬಿಡಬಹುದಾ? ಅದೂ ತಪ್ಪು. ಗಾಡಿಯ ಗೇರ್ ಬಾಕ್ಸ್ ಬೇರೆ, ಡಿಫರೆನ್ಷಿಯಲ್ ಬೇರೆ. ಎಷ್ಟೋ ಗೇರ್ ಬಾಕ್ಸುಗಳ ಒಳಗೆ ಹಿತ್ತಾಳೆಯ ಬಳೆಗಳು ಇರುತ್ತವೆ. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಸಾರು ಇಟ್ಟರೆ ಏನಾಗುತ್ತೆ? ಪಾತ್ರೆಯೂ ಹಾಳು, ಸಾರೂ ಹಾಳು. ಹಾಗೆಯೇ ಜಿ.ಎಲ್. 5ರ ಔಷಧಿ ಕೆಲವು ಸಲ ಹಿತ್ತಾಳೆಯನ್ನು ನಿಧಾನವಾಗಿ ತಿನ್ನುತ್ತೆ. ಪುಸ್ತಕದಲ್ಲಿ ಗೇರ್ ಬಾಕ್ಸಿಗೆ ಜಿ.ಎಲ್. 4 ಅಂತ ಇದ್ದರೆ ಜಿ.ಎಲ್. 4 ಹಾಕಬೇಕು. ಡಿಫರೆನ್ಷಿಯಲ್‌ಗೆ ಜಿ.ಎಲ್. 5 ಅಂತ ಇದ್ದರೆ ಅದನ್ನೇ ಹಾಕಬೇಕು.

ಟ್ರ್ಯಾಕ್ಟರಿನ ಲೆಕ್ಕ ಬೇರೆ

ಟ್ರ್ಯಾಕ್ಟರಿನಲ್ಲೂ ಡಿಫರೆನ್ಷಿಯಲ್ ಇದೆ. ಆದರೆ ಬಹಳ ಟ್ರ್ಯಾಕ್ಟರುಗಳಲ್ಲಿ ಗೇರ್ ಬಾಕ್ಸು, ಡಿಫರೆನ್ಷಿಯಲ್, ನೇಗಿಲು ಎತ್ತುವ ಹೈಡ್ರಾಲಿಕ್ ಈ ಮೂರಕ್ಕೂ ಎಣ್ಣೆ ಒಂದೇ. ಕೆಲವು ಟ್ರ್ಯಾಕ್ಟರುಗಳಲ್ಲಿ ಬ್ರೇಕು ಕೂಡ ಅದೇ ಎಣ್ಣೆಯಲ್ಲಿ ಮುಳುಗಿರುತ್ತೆ. ಅಂಥದಕ್ಕೆ ಲಾರಿಯ ಎಣ್ಣೆ ಹಾಕಬಾರದು. ಬ್ರೇಕು ಸರಿಯಾಗಿ ಹಿಡಿಯದೆ ಹೋಗಬಹುದು. ಅದಕ್ಕೆ ಬೇರೆ ಟ್ರ್ಯಾಕ್ಟರ್ ಎಣ್ಣೆ ಬರುತ್ತೆ. ಆ ಟ್ರ್ಯಾಕ್ಟರಿನ ಪುಸ್ತಕವನ್ನೇ ನೋಡಬೇಕು.

ಬ್ಯಾಟರಿಯಲ್ಲಿ ಓಡುವ ಎಷ್ಟೋ ಆಟೋಗಳಲ್ಲೂ ಡಿಫರೆನ್ಷಿಯಲ್ ಇರುತ್ತೆ. ಅವಕ್ಕೆ ಇಂಜಿನ್ ಆಯಿಲ್ ಬೇಕಿಲ್ಲ. ಆದರೆ ಹಲ್ಲುಚಕ್ರಗಳಿಗೆ ಎಣ್ಣೆ ಬೇಕು. ಇದನ್ನು ಮರೆಯಬಾರದು.

ಇಂಗ್ಲಿಷ್ ಬಾರದಿದ್ದರೆ?

ನಮ್ಮ ಗಾಡಿಯ ಪುಸ್ತಕ ಇಂಗ್ಲಿಷಿನಲ್ಲಿತ್ತು. ಡಬ್ಬದ ಮೇಲೂ ಇಂಗ್ಲಿಷೇ. ನಮಗೆ ಇಂಗ್ಲಿಷ್ ಬಾರದು. ಆದರೆ ಅಂಕಿ ಬರುತ್ತೆ. ಅಕ್ಷರಗಳು ಮೂರೇ. ಅವುಗಳ ಆಕಾರ ನೆನಪಿಟ್ಟುಕೊಂಡೆವು. ಜಿ ಅಕ್ಷರ ಒಡೆದ ಬಳೆಯ ಹಾಗೆ, ಒಡೆದ ಬಾಯಿಯಲ್ಲಿ ಒಂದು ಕೊಕ್ಕೆ. ಎಲ್ ಅಕ್ಷರ ನೆಟ್ಟಗೆ ನಿಂತ ಕೋಲು, ಬುಡದಲ್ಲಿ ಬಲಕ್ಕೆ ಒಂದು ಅಡ್ಡಗೆರೆ. ಡಬ್ಲ್ಯು ಅಕ್ಷರ ಪಕ್ಕ ಪಕ್ಕ ಎರಡು ಹಳ್ಳ ಇದ್ದ ಹಾಗೆ.

ಹೈಸ್ಕೂಲಿಗೆ ಹೋಗುವ ಒಬ್ಬ ಹುಡುಗಿ ಪುಸ್ತಕದಲ್ಲಿ ಆ ಪುಟ ಹುಡುಕಿಕೊಟ್ಟಳು. ಹಿಂದಿನ ಅಚ್ಚಿಗೆ 80ಡಬ್ಲ್ಯು-90, ಜಿ.ಎಲ್. 5 ಅಂತ ಇತ್ತು. ಎಷ್ಟು ಲೀಟರು, ಎಷ್ಟು ಕಿಲೋಮೀಟರಿಗೆ ಬದಲಾಯಿಸಬೇಕು ಅಂತಲೂ ಇತ್ತು. ಎಲ್ಲವನ್ನೂ ಸಂಘದ ನೋಟ್ ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡೆವು. ಪಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಇದ್ದ ಹಾಗೇ ಬಿಡಿಸಿಕೊಂಡೆವು.

ಚೀಟಿ ಬರೆದುಕೊಂಡು ನಾವೇ ಅಂಗಡಿಗೆ ಹೋದೆವು. ಅಂಗಡಿಯವರು ಒಂದು ಡಬ್ಬ ಕೊಟ್ಟರು. ನೋಡಿದರೆ ಅದರ ಮೇಲೆ 140 ಅಂತ ಇತ್ತು. "ಲೋಡ್ ಗಾಡಿ ಅಲ್ವಾ ಅಕ್ಕಾ, ಗಟ್ಟಿ ಇರಲಿ" ಅಂದರು. "ಪುಸ್ತಕದಲ್ಲಿ ಹೀಗಿದೆ ಅಣ್ಣಾ" ಅಂತ ಚೀಟಿ ತೋರಿಸಿದೆವು. ಅವರು ಚೀಟಿ ಓದಿದರು. ಒಳಗೆ ಹೋಗಿ ಸರಿಯಾದ ಡಬ್ಬ ತಂದುಕೊಟ್ಟರು. ಜಗಳ ಇಲ್ಲ, ವಾದ ಇಲ್ಲ. ಒಂದು ಚೀಟಿ ಸಾಕಾಯಿತು.

ಎಣ್ಣೆ ಕೊಳ್ಳುವಾಗ

ಸೀಲ್ ಒಡೆಯದ ಡಬ್ಬವನ್ನೇ ಕೊಳ್ಳಿ. ಬಿಡಿ ಎಣ್ಣೆ ಬೇಡ. ಅದು ಯಾವುದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಬಣ್ಣ ನೋಡಿ ಕೊಳ್ಳಬೇಡಿ. ಬಣ್ಣ ಏನನ್ನೂ ಹೇಳುವುದಿಲ್ಲ. ಬೆಲೆ ಜಾಸ್ತಿ ಇದೆ ಅಂತಲೂ ಕೊಳ್ಳಬೇಡಿ. ನಿಮ್ಮ ಗಾಡಿಯ ಪುಸ್ತಕದ ಎರಡು ಗುರುತೂ ಡಬ್ಬದ ಎರಡು ಗುರುತೂ ಒಂದೇ ಆಗಿರಬೇಕು. ರಸೀದಿ ಕೇಳಿ ಪಡೆಯಿರಿ.

ಎಣ್ಣೆ ನೋಡುವುದು ಹೇಗೆ?

ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಬೇಕು. ಇಂಜಿನ್ ಆರಿಸಬೇಕು. ಚಕ್ರಕ್ಕೆ ಕಲ್ಲು ಕೊಡಬೇಕು. ಅಚ್ಚು ತಣ್ಣಗಾಗಲಿ. ಉಬ್ಬಿನ ಮೇಲೆ ಪಕ್ಕದಲ್ಲಿ ಒಂದು ಬಿರಡೆ ಇರುತ್ತೆ. ಅದನ್ನು ಬಿಚ್ಚಿ ಬೆರಳು ಹಾಕಿ ನೋಡಬೇಕು. ಸಾಮಾನ್ಯವಾಗಿ ಎಣ್ಣೆ ಆ ತೂತಿನ ಕೆಳ ಅಂಚಿನವರೆಗೆ ಇರಬೇಕು. ಕಡಿಮೆ ಇದ್ದರೆ ಹಲ್ಲು ಸವೆಯುತ್ತೆ. ಹೆಚ್ಚಾದರೆ ನೊರೆ ಬರುತ್ತೆ. ಸೀಲು ದಾಟಿ ಸೋರಿ ಬ್ರೇಕಿಗೆ ತಾಗಬಹುದು. ಎಣ್ಣೆ ತಾಗಿದ ಬ್ರೇಕು ಹಿಡಿಯುವುದಿಲ್ಲ. ಇದು ಜೀವದ ಪ್ರಶ್ನೆ.

ಎಣ್ಣೆ ಬದಲಾಯಿಸುವುದು ಮೆಕ್ಯಾನಿಕ್ ಕೆಲಸ. ನಾವು ಪಕ್ಕದಲ್ಲಿ ನಿಂತು ನೋಡಬೇಕು. ಮೊದಲು ಎಣ್ಣೆ ಹಾಕುವ ಬಿರಡೆ ಬಿಚ್ಚಬೇಕು. ಅದು ಬಿಚ್ಚುತ್ತೆ ಅಂತ ಖಾತ್ರಿ ಆದ ಮೇಲೆ ಕೆಳಗಿನ ಬಿರಡೆ ಬಿಚ್ಚಬೇಕು. ಇಲ್ಲದಿದ್ದರೆ ಇದ್ದ ಎಣ್ಣೆಯೂ ಹೋಗಿ, ಹೊಸದನ್ನು ಹಾಕಲೂ ಆಗದ ಹಾಗೆ ಆದೀತು.

ಹೊರಬಂದ ಎಣ್ಣೆ ಗಾಡಿಯ ಆರೋಗ್ಯ ಹೇಳುತ್ತೆ. ಬಿರಡೆಗೆ ಸಣ್ಣ ಕಬ್ಬಿಣದ ಪುಡಿ ಅಂಟಿದ್ದರೆ ಭಯವಿಲ್ಲ. ಚೂರುಗಳು ಇದ್ದರೆ ಒಳಗೆ ಏನೋ ಮುರಿದಿದೆ. ಎಣ್ಣೆ ಮಜ್ಜಿಗೆ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ. ಹಳ್ಳ ದಾಟುವ ಗಾಡಿಗಳಲ್ಲಿ ಹೀಗಾಗುವುದುಂಟು. ಬಿಸಿ ಅಚ್ಚು ನೀರಿಗೆ ಇಳಿದರೆ ತಟ್ಟನೆ ತಣ್ಣಗಾಗಿ ನೀರನ್ನು ಒಳಗೆ ಎಳೆಯುತ್ತೆ. ಆಗ ಎಣ್ಣೆ ಬದಲಾಯಿಸಲೇಬೇಕು.

ಅಚ್ಚಿನ ಮೇಲೆ ಗಾಳಿ ಆಡಲು ಒಂದು ಪುಟ್ಟ ಕೊಳವೆ ಇರುತ್ತೆ. ಅದಕ್ಕೆ ಮಣ್ಣು ಕಟ್ಟಿದರೆ ಒಳಗಿನ ಬಿಸಿ ಗಾಳಿಗೆ ದಾರಿ ಇಲ್ಲ. ಅದು ಎಣ್ಣೆಯನ್ನು ಸೀಲಿನಿಂದ ಹೊರಗೆ ತಳ್ಳುತ್ತೆ. ನಮ್ಮ ಗಾಡಿಯಲ್ಲಿ ಮೊದಲು ಎಣ್ಣೆ ಸೋರಿದ್ದು ಇದರಿಂದಲೇ. ಒಂದು ಚಿಟಿಕೆ ಮಣ್ಣು ತೆಗೆದಿದ್ದರೆ ಅಷ್ಟೆಲ್ಲಾ ಆಗುತ್ತಿರಲಿಲ್ಲ.

ಹಳೇ ಎಣ್ಣೆಯನ್ನು ಚರಂಡಿಗೆ, ಹೊಲಕ್ಕೆ, ಬಾವಿಯ ಹತ್ತಿರ ಸುರಿಯಬೇಡಿ. ನೀರು ಕೆಡುತ್ತೆ. ಡಬ್ಬದಲ್ಲಿ ತುಂಬಿ ವರ್ಕ್‌ಶಾಪಿಗೆ ಕೊಡಿ. ಅದನ್ನು ಶುದ್ಧಿ ಮಾಡಿ ಮತ್ತೆ ಬಳಸುವ ಕಾರ್ಖಾನೆಗಳಿವೆ. ಗಾಯಕ್ಕೆ ಹಚ್ಚಬೇಡಿ, ದನಕ್ಕೂ ಸವರಬೇಡಿ. ಕೈಗೆ ತಾಗಿದರೆ ಸೋಪು ಹಾಕಿ ತೊಳೆಯಿರಿ.

ಈಗ ನಮ್ಮ ಗಾಡಿ

ಈಗ ಗಾಡಿ ಚೆನ್ನಾಗಿ ಓಡುತ್ತಿದೆ. "ಉಂಯ್" ಅನ್ನುವ ಸದ್ದಿಲ್ಲ. ಕಂತು ಸರಿಯಾಗಿ ಕಟ್ಟುತ್ತಿದ್ದೇವೆ. ಪುಸ್ತಕ ಈಗ ಸೀಟಿನ ಕೆಳಗೆ ಇಲ್ಲ. ಸಂಘದ ಕಪಾಟಿನಲ್ಲಿ ಲೆಕ್ಕದ ಪುಸ್ತಕದ ಪಕ್ಕದಲ್ಲಿದೆ. ಎಣ್ಣೆ ಹಾಕಿದ ದಿನ, ಗಾಡಿ ಓಡಿದ ಕಿಲೋಮೀಟರು, ಡಬ್ಬದ ಎರಡು ಗುರುತು ಎಲ್ಲವನ್ನೂ ಬರೆದಿಡುತ್ತೇವೆ. ಬರೆಯುವ ಕೆಲಸ ಸರದಿಯ ಮೇಲೆ. ಈ ತಿಂಗಳು ಒಬ್ಬರು, ಮುಂದಿನ ತಿಂಗಳು ಇನ್ನೊಬ್ಬರು.

ಅಕ್ಷರ ಕಲಿತದ್ದು ಬರೀ ರುಜು ಹಾಕಲಿಕ್ಕೆ ಅಲ್ಲ. ನಮ್ಮ ದುಡ್ಡು ಹೋಗುವ ಕಡೆ ಏನು ಬರೆದಿದೆ ಅಂತ ಓದಲಿಕ್ಕೆ. ನಿಮ್ಮ ಮನೆಯಲ್ಲಿ, ನಿಮ್ಮ ಸಂಘದಲ್ಲಿ ಗಾಡಿ ಇದೆಯಾ? ಹಾಗಾದರೆ ಇವತ್ತೇ ಅದರ ಪುಸ್ತಕ ತೆಗೆಯಿರಿ.

ಓದಿ, ಉತ್ತರ ಹೇಳಿ

1. ತಿರುವಿನಲ್ಲಿ ಯಾವ ಚಕ್ರ ಹೆಚ್ಚು ದೂರ ಓಡುತ್ತೆ?
2. ಡಿಫರೆನ್ಷಿಯಲ್‌ಗೆ ಇಂಜಿನ್ ಆಯಿಲ್ ಏಕೆ ಹಾಕಬಾರದು?
3. ಡಬ್ಬದ ಮೇಲೆ ನೋಡಬೇಕಾದ ಎರಡು ಗುರುತು ಯಾವುವು?
4. ಎಣ್ಣೆ ಮಜ್ಜಿಗೆಯ ಹಾಗೆ ಬೆಳ್ಳಗಿದ್ದರೆ ಏನು ಅರ್ಥ?
5. ನಿಮಗೆ ಗೊತ್ತಿರುವ ಒಂದು ಗಾಡಿಯ ಪುಸ್ತಕ ನೋಡಿ. ಅದರ ಹಿಂದಿನ ಅಚ್ಚಿಗೆ ಯಾವ ಎಣ್ಣೆ ಬೇಕು ಅಂತ ನಿಮ್ಮ ನೋಟ್ ಬುಕ್ಕಿನಲ್ಲಿ ಬರೆಯಿರಿ.